ಪ್ರಮಾಣಪತ್ರ ಬಂತು, ಮಾಲಿನ್ಯ ಹೋಯಿತೇ?

ಪ್ರಶ್ನೆ: ನಮ್ಮ ಕಾರ್ಖಾನೆಗೆ ಐಎಸ್‌ಒ 14001 ಪ್ರಮಾಣಪತ್ರ ಸಿಕ್ಕಿದೆ. ಅಂದರೆ ನಮ್ಮಿಂದ ಮಾಲಿನ್ಯ ಇಲ್ಲ ಅಂತ ತಾನೇ ಸರ್?

ಉತ್ತರ: ಅಲ್ಲ. 14001 ಅಂದರೆ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಪರಿಸರ ನಿರ್ವಹಣೆಗೆ ಮಾಡಿದ ಮಾನದಂಡ. ಹೊಗೆ ಇಷ್ಟೇ ಇರಬೇಕು, ಕೊಳೆ ನೀರು ಇಷ್ಟೇ ಇರಬೇಕು ಅನ್ನುವ ಮಿತಿ ಅದರಲ್ಲಿ ಇಲ್ಲವೇ ಇಲ್ಲ. ಅದನ್ನು ಹೇಳುವುದು ಆಯಾ ದೇಶದ ಕಾನೂನು. 14001 ಕೇಳುವುದೇ ಬೇರೆ. ನಿಮ್ಮ ಕೆಲಸದಿಂದ ಪರಿಸರಕ್ಕೆ ಎಲ್ಲೆಲ್ಲಿ ಪೆಟ್ಟು ಬೀಳುತ್ತದೆ? ಜಾಸ್ತಿ ಯಾವುದರಿಂದ? ತಗ್ಗಿಸುವ ಹೊಣೆ ಯಾರದು? ಅಳೆದು ನೋಡಿದ್ದೀರಾ?

ನಾನು ಆಡಿಟ್‌ಗೆ ಹೋಗುತ್ತಿದ್ದಾಗ ಫೈಲ್ ಆಮೇಲೆ, ಮೊದಲು ಜನರೇಟರ್ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಒಂದು ಕಡೆ ಎಣ್ಣೆ ಡ್ರಮ್ಮಿನ ಕೆಳಗಿಟ್ಟ ಟ್ರೇ ತುಂಬಿ ನೆಲಕ್ಕೆ ಹರಿದಿತ್ತು. ಪಕ್ಕದ ಗೋಡೆಯಲ್ಲೇ ಫ್ರೇಮ್ ಹಾಕಿದ ಪರಿಸರ ನೀತಿ! ಆ ನೀತಿಯ ಬಗ್ಗೆ ಅಲ್ಲಿದ್ದ ಹುಡುಗನನ್ನು ಕೇಳಿದೆ. ‘ಅದು ಆಫೀಸಿನವರದ್ದು ಸರ್’ ಅಂದ. 1996ರಲ್ಲಿ ಬಂದ ಈ ಮಾನದಂಡವನ್ನು 2015ರಲ್ಲಿ ಪರಿಷ್ಕರಿಸಿದಾಗ ಮೇಲಿನವರ ಹೊಣೆಗೆ ಒತ್ತು ಕೊಟ್ಟದ್ದು ಸುಮ್ನೆ ಅಲ್ಲ.

ಇನ್ನೊಂದು ಮಾತು. ಪ್ರಮಾಣಪತ್ರ ಕೊಡುವುದು ಐಎಸ್‌ಒ ಅಲ್ಲ, ಬೇರೆ ಸಂಸ್ಥೆಗಳು. ಸಾಮಾನ್ಯವಾಗಿ ಅವಧಿ 3 ವರ್ಷ, ನಡುವೆ ವರ್ಷಕ್ಕೊಮ್ಮೆ ತಪಾಸಣೆ. ಅವರು ಬರುವ ಮೊದಲು ನೀವೇ ಒಮ್ಮೆ ಜನರೇಟರ್ ಹಿಂದೆ ಹೋಗಿ ಬನ್ನಿ.