‘ಮೋಸದ ಪದಗಳು’ ಲೇಖನವನ್ನು ಹಿಂದಿರುಗಿಸುತ್ತ

ಮಾನ್ಯ ಲೇಖಕಿಯವರಿಗೆ, ವಂದನೆಗಳು.

ಡೊಂಬಿವಲಿಯಿಂದ ನೀವು ಕಳುಹಿಸಿದ ‘ಮೋಸದ ಪದಗಳು’ ತಲುಪಿದೆ. ಕೇಳಲು ಒಂದೇ ತೆರನಾಗಿದ್ದು ಅರ್ಥದಲ್ಲಿ ಬೇರೆಯಾಗುವ ಇಂಗ್ಲಿಷ್ ಪದಗಳನ್ನು ಮುಂಬಯಿಯ ಕನ್ನಡ ಮಕ್ಕಳಿಗೆ ತಿಳಿಸಿಕೊಡಬೇಕೆಂಬ ಉದ್ದೇಶ ಒಳ್ಳೆಯದು, ಭಾಷೆ ತಿಳಿಯಾಗಿದೆ, ತಂದೆಯವರ ಹೋಟೆಲಿನ ಖರೀದಿ ಪುಸ್ತಕದಲ್ಲಿ ಮೈದಾಹಿಟ್ಟಿನ (ಫ್ಲೋರ್) ಲೆಕ್ಕವೆಲ್ಲ ಹೂವೆಂಬರ್ಥದ ‘ಫ್ಲವರ್’ ಪದದ ಕಾಗುಣಿತದಲ್ಲಿ ದಾಖಲಾಗಿದ್ದ ಪ್ರಸಂಗ ಸೊಗಸಾಗಿದೆ. ಆದರೂ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಓದುವಾಗ ಎರಡು ಕಡೆ ನನಗೆ ನಿಜವಾಗಿಯೂ ಸಿಟ್ಟು ಬಂತು. ಆ ಎರಡನ್ನಷ್ಟೇ ಇಲ್ಲಿ ಎತ್ತಿಕೊಳ್ಳುತ್ತೇನೆ.

ಎರಡನೆಯ ಪುಟದಲ್ಲಿ ನೀವು ಬರೆದಿದ್ದೀರಿ: ‘ವೆಸ್ಟ್ ಎಂದರೆ ಪಶ್ಚಿಮ, ವೆಸ್ಟ್ ಎಂದರೆ ಬನಿಯನ್, ಉಚ್ಚಾರ ಎರಡಕ್ಕೂ ಒಂದೇ.’ ಯಾರ ಬಾಯಲ್ಲಿ ಒಂದೇ? ಪಶ್ಚಿಮದ ಪದ ಡಬ್ಲ್ಯೂ ಅಕ್ಷರದಿಂದ ಆರಂಭವಾಗುತ್ತದೆ; ಅದನ್ನು ನುಡಿಯುವಾಗ ತುಟಿಗಳೆರಡೂ ದುಂಡಗಾಗಿ ಮುಂದೆ ಬರುತ್ತವೆ, ಹಲ್ಲಿಗೆ ಅಲ್ಲಿ ಕೆಲಸವಿಲ್ಲ. ಬನಿಯನ್ನಿನ ಪದ ವೀ ಅಕ್ಷರದ್ದು; ಅಲ್ಲಿ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು. ಕನ್ನಡಕ್ಕೆ ಒಂದೇ ‘ವ’ ಸಾಕಾಗಿರುವುದರಿಂದ ನಾವು ಎರಡನ್ನೂ ಒಂದೇ ಅಚ್ಚಿನಲ್ಲಿ ನುಡಿಯುತ್ತೇವೆ, ಅಷ್ಟೇ. ಉತ್ತರದ ಕಡೆಯವರೊಬ್ಬರು ಕನ್ನಡ ಕಲಿತು, ‘ಹಳ್ಳಿ’ಗೂ ‘ಹಲ್ಲಿ’ಗೂ ಉಚ್ಚಾರ ಒಂದೇ ಎಂದು ಲೇಖನ ಬರೆದರೆ ನೀವು ಒಪ್ಪುವಿರಾ?

ಅದರ ಕೆಳಗಿನ ಸಾಲು ಇನ್ನೂ ತೊಂದರೆಯದು: ‘ಲೂಸ್ ಎಂದರೆ ಸಡಿಲ, ಒಂದು ಓ ತೆಗೆದರೆ ಕಳೆದುಕೊಳ್ಳುವುದು, ಕಿವಿಗೆ ವ್ಯತ್ಯಾಸ ತಿಳಿಯದು, ಬಾಯಿಪಾಠವೊಂದೇ ದಾರಿ.’ ಕಿವಿಗೆ ಚೆನ್ನಾಗಿಯೇ ತಿಳಿಯುತ್ತದೆ. ಸಡಿಲ ಎಂಬರ್ಥದ ಪದ ಸಕಾರದಲ್ಲಿ ಮುಗಿಯುತ್ತದೆ. ಕಳೆದುಕೊಳ್ಳುವುದರ ಪದ, ನಾವು ಅಚ್ಚಿನಲ್ಲಿ ‘ಜ’ ಅಕ್ಷರಕ್ಕೆ ಎರಡು ಚುಕ್ಕೆ ಸೇರಿಸಿ ತೋರಿಸುವ ಜ಼ಕಾರದಲ್ಲಿ ಮುಗಿಯುತ್ತದೆ. ಗಂಟಲ ಮೇಲೆ ಬೆರಳಿಟ್ಟು ಎರಡನ್ನೂ ಎಳೆದು ನುಡಿದರೆ ಮೊದಲನೆಯದರ ಕೊನೆಯಲ್ಲಿ ಬೆರಳಿಗೆ ಏನೂ ತಾಗುವುದಿಲ್ಲ, ಎರಡನೆಯದರಲ್ಲಿ ನಡುಕ ತಿಳಿಯುತ್ತದೆ. ಈ ಧ್ವನಿ ಅಚ್ಚಗನ್ನಡದಲ್ಲಿ ಇಲ್ಲವೆಂಬುದು ನಿಜವಾದರೂ, ನೀವು ಬರೆಯುತ್ತಿರುವುದು ಲೋಕಲ್ ರೈಲಿನಲ್ಲಿ ದಿನವೂ ‘ದರ್ವಾಜ಼ಾ’ ಎಂಬ ಹಿಂದಿ ಮಾತು ಕೇಳಿ ಬೆಳೆದ ಮಕ್ಕಳಿಗೆ. ಅವರ ಕಿವಿಯಲ್ಲಿ ಅದು ಈಗಾಗಲೇ ಇದೆ. ಅದನ್ನು ಎಬ್ಬಿಸಿಕೊಟ್ಟರೆ ನಿಮ್ಮ ಪಟ್ಟಿಯ ಎಷ್ಟೋ ಜೋಡಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ: ಸಲಹೆ ಎಂಬ ನಾಮಪದ ‘ಅಡ್ವೈಸ್’ ಸಿ ಅಕ್ಷರದ್ದು, ಸಕಾರದ್ದು; ಸಲಹೆ ಕೊಡು ಎಂಬ ಕ್ರಿಯಾಪದ ‘ಅಡ್ವೈಜ಼್’ ಎಸ್ ಅಕ್ಷರದ್ದು, ಜ಼ಕಾರದ್ದು. ಬೆಲೆಗೂ (ಪ್ರೈಸ್) ಬಹುಮಾನಕ್ಕೂ (ಪ್ರೈಜ಼್) ಇರುವ ವ್ಯತ್ಯಾಸವೂ ಇದೇ.

ಮರುಭೂಮಿ ಮತ್ತು ಊಟದ ಕೊನೆಯ ಸಿಹಿ, ಈ ‘ಡೆಸರ್ಟ್’ ಜೋಡಿಯೂ ನೀವು ಹೇಳಿದಂತೆ ಸಮಧ್ವನಿಯಲ್ಲ. ಮರುಭೂಮಿಯಲ್ಲಿ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ, ಸಿಹಿತಿನಿಸಿನಲ್ಲಿ ಎರಡನೆಯ ಭಾಗದ ಮೇಲೆ. ನಿಜವಾಗಿ ಸಿಹಿತಿನಿಸಿನಂತೆ ಕೇಳಿಸುವುದು, ಮರುಭೂಮಿಯ ಕಾಗುಣಿತವನ್ನೇ ಹೊತ್ತಿರುವ ‘ತೊರೆದು ಹೋಗು’ ಎಂಬ ಕ್ರಿಯಾಪದ. ಈ ತಮಾಷೆ ನಿಮ್ಮ ಕೈಗೆ ಸಿಗದೆ ಹೋದದ್ದು ನನಗೆ ಬೇಸರ ತಂದಿತು.

ಇದನ್ನು ಇಷ್ಟು ಎಳೆಯುವುದಕ್ಕೆ ಕಾರಣವಿದೆ. ನೀವು ಒಂದೇ ಚೀಲಕ್ಕೆ ತುಂಬಿರುವ ಪದಗಳು ಎರಡು ಜಾತಿಯವು: ನಮ್ಮ ಬಾಯಲ್ಲಿ ಮಾತ್ರ ಒಂದಾಗುವಂಥವು, ಇಂಗ್ಲಿಷರ ಬಾಯಲ್ಲೂ ಒಂದೇ ಆಗಿರುವಂಥವು. ಮೊದಲನೆಯದಕ್ಕೆ ಕಿವಿಯನ್ನು ತಿದ್ದಬೇಕು. ಎರಡನೆಯದಕ್ಕೆ ಕಿವಿಯಿಂದ ಯಾವ ಉಪಯೋಗವೂ ಇಲ್ಲ, ಕಣ್ಣನ್ನೇ ತಿದ್ದಬೇಕು. ಎಲ್ಲದಕ್ಕೂ ಬಾಯಿಪಾಠ ಎಂದು ಬರೆದುಬಿಟ್ಟರೆ ಕಲಿಯುವ ಮಗುವಿಗೆ ಎರಡೂ ದಾರಿ ಮುಚ್ಚಿದಂತಾಗುತ್ತದೆ.

ಕಣ್ಣು ತಿದ್ದುವುದೆಂದರೇನೆಂದು ನಾನು ಕಲಿತದ್ದು ಗಿರಗಾಂವ್‌ನ ಒಂದು ಮುದ್ರಣಾಲಯದಲ್ಲಿ. ಹಗಲು ಅಲ್ಲಿ ಕೆಲಸ, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆ; ಉಡುಪಿ ಹೋಟೆಲುಗಳ ಹುಡುಗರೊಡನೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆ. ಅಚ್ಚಿನ ಮೊಳೆ ಜೋಡಿಸಿ ತೆಗೆದ ಗ್ಯಾಲಿ ಪ್ರೂಫನ್ನು, ಅಂದರೆ ತಿದ್ದುವುದಕ್ಕೆಂದು ತೆಗೆದ ಕರಡಚ್ಚನ್ನು, ಆಗ ಇಬ್ಬರು ಕೂತು ತಿದ್ದುತ್ತಿದ್ದರು: ಕಾಪಿ ಹಿಡಿದವನು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಪ್ರೂಫ್ ನೋಡುವವರು ಅಚ್ಚಾದದ್ದರ ಮೇಲೆ ಕಣ್ಣಾಡಿಸುವುದು. ಸಮಧ್ವನಿ ಪದಗಳು ನುಸುಳುವುದು ಇಲ್ಲಿಯೇ, ಏಕೆಂದರೆ ಓದಿದ್ದೂ ಸರಿ, ಕೇಳಿದ್ದೂ ಸರಿ, ಅಚ್ಚಾದದ್ದು ಮಾತ್ರ ಬೇರೆ. ಇಂದಿನ ಫೋನುಗಳ ಕಾಗುಣಿತ ತಪಾಸಣೆಯ ಕಣ್ಣಿಗೂ ಇವು ಎಷ್ಟೋ ಸಲ ಬೀಳುವುದಿಲ್ಲ, ಎರಡೂ ನಿಘಂಟಿನಲ್ಲಿ ಇರುವ ಪದಗಳೇ ತಾನೆ. ಅಲ್ಲಿದ್ದ ಹಿರಿಯ ಪ್ರೂಫ್ ರೀಡರು, ಕಾರವಾರದ ಕಡೆಯವರು, ಇಂಥ ಪದ ಬಂದಾಗಲೆಲ್ಲ ಕೊನೆಯ ಅಕ್ಷರಗಳನ್ನೂ ಬಿಡಿಸಿ ಹೇಳಿಸುತ್ತಿದ್ದರು. ‘ಪ್ರಿನ್ಸಿಪಲ್’ ಎಂದು ಓದಿ ನಿಲ್ಲಿಸಿದರೆ ಅವರು ತಲೆ ಎತ್ತುತ್ತಿರಲಿಲ್ಲ. ‘ಪ್ರಿನ್ಸಿಪಲ್, ಎ-ಎಲ್’ ಎಂದ ಮೇಲೆಯೇ ಪೆನ್ಸಿಲು ಮುಂದಕ್ಕೆ ಸರಿಯುತ್ತಿತ್ತು. ಸಾಲಪತ್ರದ ನಮೂನೆಗಳು ನಮ್ಮಲ್ಲಿ ಅಚ್ಚಾಗುತ್ತಿದ್ದವು. ಅವುಗಳಲ್ಲಿ ಎ-ಎಲ್ ಹೋಗಿ ಎಲ್-ಇ ಕೂತರೆ ಸಾಲಗಾರನು ಅಸಲಿನ ಬದಲು ತತ್ತ್ವವನ್ನು ಕಂತು ಕಂತಾಗಿ ಮರಳಿಸಬೇಕಾಗುತ್ತಿತ್ತು.

ಈ ಪದಕ್ಕೆ ನೀವು ಕೊಟ್ಟಿರುವ ಉಪಾಯ, ಅಂದರೆ ಪ್ರಿನ್ಸಿಪಾಲರು ನಮ್ಮ ಗೆಳೆಯರು, ಆದ್ದರಿಂದ ಕೊನೆಗೆ ‘ಪ್ಯಾಲ್’ ಎಂಬುದು, ಶಾಲೆಯ ಗೇಟು ದಾಟಿದರೆ ನಡೆಯುವುದಿಲ್ಲ. ಸಾಲದ ಅಸಲು ಯಾರ ಗೆಳೆಯ? ಅದಕ್ಕಿಂತ ಗಟ್ಟಿಯಾದ ಗುರುತಿದೆ: ಎಲ್-ಇ ಇರುವುದು ಯಾವಾಗಲೂ ನಾಮಪದ, ತತ್ತ್ವ ಅಥವಾ ನಿಯಮ ಎಂಬರ್ಥದ್ದು, ಇನ್ನೊಂದು ನಾಮಪದಕ್ಕೆ ಮೊದಲು ಕೂತು ‘ಮುಖ್ಯವಾದ’ ಎಂದು ವಿಶೇಷಿಸುವ ಕೆಲಸ ಎ-ಎಲ್ ಇರುವುದಕ್ಕೆ ಮಾತ್ರ ಸಾಧ್ಯ. ಶಾಲೆಯ ಮುಖ್ಯರೂ ಸಾಲದ ಮುಖ್ಯ ಮೊತ್ತವೂ ಆ ‘ಮುಖ್ಯ’ದಿಂದಲೇ ಬಂದವರು.

ಇನ್ನು ಎರಡನೆಯ ಸಿಟ್ಟು. ಕೊನೆಯ ಪುಟದಲ್ಲಿ, ‘ಇಂಗ್ಲಿಷ್ ತಲೆಬುಡವಿಲ್ಲದ ಭಾಷೆ, ನಮ್ಮ ಕನ್ನಡದಲ್ಲಿ ಇಂಥ ಗೊಂದಲವೇ ಇಲ್ಲ’ ಎಂದು ಚಪ್ಪಾಳೆ ನಿರೀಕ್ಷಿಸಿ ಬರೆದಿದ್ದೀರಿ. ‘ಕರಿ’ ಎಂದರೆ ಕಪ್ಪೋ, ಆನೆಯೋ, ಎಣ್ಣೆಯಲ್ಲಿ ಹಾಕಿ ತೆಗೆಯುವುದೋ? ‘ಅರಸು’ ಎಂದರೆ ದೊರೆಯೋ, ಹುಡುಕುವುದೋ? ನಮ್ಮಲ್ಲಿ ಧ್ವನಿಯೂ ಒಂದೇ, ಬರಹವೂ ಒಂದೇ. ಇಂಗ್ಲಿಷ್ ಎಷ್ಟೋ ಕಡೆ ಕಣ್ಣಿಗಾದರೂ ಗುರುತು ಉಳಿಸಿಕೊಟ್ಟಿದೆ. ನೀವು ಅಣಕಿಸಿದ ‘ನೈಟ್’ ಪದದಲ್ಲಿ, ಕುದುರೆಯೇರಿದ ಯೋಧನ ‘ನೈಟ್’ನಲ್ಲಿ, ಮೊದಲ ‘ಕೆ’ ಒಂದು ಕಾಲದಲ್ಲಿ ಉಚ್ಚಾರವಾಗುತ್ತಿದ್ದ ಅಕ್ಷರವೇ. 1476ರ ಸುಮಾರಿಗೆ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ಕಾಗುಣಿತ ನಿಧಾನವಾಗಿ ನೆಲೆ ನಿಂತಿತು. ನಾಲಗೆ ಮಾತ್ರ ಮುಂದಿನ ಶತಮಾನಗಳಲ್ಲೂ ಬದಲಾಗುತ್ತಲೇ ಹೋಯಿತು.

‘ಸ್ಟೇಷನರಿ’ ಜೋಡಿಯನ್ನೂ ನೀವು ‘ಅರ್ಥವಿಲ್ಲದ ಕಾಕತಾಳೀಯ’ ಎಂದಿದ್ದೀರಿ. ನಿಶ್ಚಲವಾದದ್ದೂ, ಕಾಗದ ಪೆನ್ನುಗಳೂ ಒಂದೇ ಬೇರಿನವು: ಊರೂರು ಅಲೆದು ಮಾರುವವರ ನಡುವೆ ಒಂದೆಡೆ ಅಂಗಡಿ ಹಾಕಿ ನಿಂತ ಪುಸ್ತಕ ವ್ಯಾಪಾರಿಗೆ ಮಧ್ಯಯುಗದ ಲ್ಯಾಟಿನ್ ಕೊಟ್ಟ ಹೆಸರಿನಿಂದ ‘ಸ್ಟೇಷನರ್’ ಬಂತು, ಅವನು ಮಾರುವ ಸಾಮಗ್ರಿಗೆ ಅವನ ಹೆಸರಿನ ‘ಇ-ಆರ್’ ಉಳಿಯಿತು. ಲಂಡನ್ನಿನ ಆ ವ್ಯಾಪಾರಿಗಳ ಸಂಘಕ್ಕೆ 1557ರಲ್ಲಿ ರಾಜಸನದು ಸಿಕ್ಕಿತ್ತು. ಮೈದಾಹಿಟ್ಟಿನದಂತೂ ಇನ್ನೂ ಚೆಂದ: ಬೀಸಿದ ಧಾನ್ಯದ ಅತ್ಯುತ್ತಮ ಭಾಗವನ್ನು ಅದರ ‘ಹೂವು’ ಎಂದು ಕರೆದರು, ಪದ ಒಂದೇ ಆಗಿತ್ತು, 1755ರ ಜಾನ್ಸನ್ನರ ನಿಘಂಟು ಕೂಡ ಎರಡನ್ನೂ ಬೇರ್ಪಡಿಸಿರಲಿಲ್ಲ. ನಿಮ್ಮ ತಂದೆಯವರ ಖರೀದಿ ಪುಸ್ತಕ ಜಾನ್ಸನ್ನರ ಮೇಜಿನ ಮೇಲೆ ತಪ್ಪಿಲ್ಲದೆ ಪಾಸಾಗುತ್ತಿತ್ತು. ಇಷ್ಟು ಒಳ್ಳೆಯ ಸಾಮಗ್ರಿ ಮನೆಯಲ್ಲೇ ಇರುವಾಗ ನೀವು ಅದನ್ನು ನಗೆಗೆ ಬಳಸಿ ಬಿಟ್ಟಿರಿ.

ಉಳಿದ ಪುಟಗಳನ್ನು ನಾನು ಮುಟ್ಟಿಲ್ಲ. ಪಟ್ಟಿಯನ್ನು ಮೇಲೆ ಹೇಳಿದಂತೆ ಎರಡಾಗಿ ಒಡೆಯಿರಿ, ‘ತಲೆಬುಡವಿಲ್ಲದ’ ಪ್ಯಾರಾ ಪೂರ್ತಿ ತೆಗೆಯಿರಿ, ಖರೀದಿ ಪುಸ್ತಕದ ಪ್ರಸಂಗವನ್ನು ಇನ್ನಷ್ಟು ಬೆಳೆಸಿರಿ. ಇಂಗ್ಲಿಷ್ ಅಕ್ಷರಗಳನ್ನು ಕನ್ನಡದಲ್ಲೇ, ನಡುವೆ ಅಡ್ಡಗೆರೆ ಹಾಕಿ ಬಿಡಿಸಿ ಬರೆಯಿರಿ. ದೀಪಾವಳಿ ವಿಶೇಷಾಂಕದ ಪುಟಗಳು ಕಟ್ಟುವ ಮುನ್ನ ತಿದ್ದಿದ ಪ್ರತಿ ಬಂದರೆ ಅದರಲ್ಲೇ ಹಾಕಬಹುದು. ತಡವಾದರೆ ಮುಂದಿನ ಸಂಚಿಕೆಗಳಲ್ಲಿ ನೋಡೋಣ.

ಇಂತು,
ಸಂಪಾದಕ