ಕೊಲೆ ಮಾಡಿದವರ ಹಾಗೆ ಯಾಕೆ ಬರೆಯುತ್ತೀರಿ?

ಸಂಪಾದಕರೇ, ಮನೆಯಲ್ಲಿ ಕಲಿಸಿದ ನಂಬಿಕೆಗಳನ್ನು ಮೂವತ್ತು ವರ್ಷ ಹಾಗೇ ನಂಬಿಕೊಂಡು ಬಂದೆ. ಅವುಗಳ ಪರವಾಗಿ ಗೆಳೆಯರ ಜೊತೆ ಜಗಳ ಆಡಿದ್ದೂ ಉಂಟು. ಈಗ ಅವುಗಳಲ್ಲಿ ಅರ್ಧವನ್ನು ಒಪ್ಪಲು ಆಗುತ್ತಿಲ್ಲ. ‘ನೀನು ಮೊದಲಿನ ಹಾಗಿಲ್ಲ’ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಕ್ಷಮಿಸಿ, ಕೇಳಲೇಬೇಕು: ನಾನು ನನಗೇ ಮೋಸ ಮಾಡಿಕೊಳ್ಳುತ್ತಿದ್ದೇನೆಯೇ? ಹೆಸರು ಹಾಕಬೇಡಿ.
– ಒಬ್ಬ ಓದುಗ

ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದಿರಿ. ಪತ್ರವನ್ನೂ ಮೊಟಕು ಮಾಡಿದ್ದೇನೆ. ಮೂಲದಲ್ಲಿ ನಾಲ್ಕು ಪುಟ ಇತ್ತು. ಅದರಲ್ಲಿ ‘ಕ್ಷಮಿಸಿ’ ಏಳು ಸಲ. ಒಂದನ್ನು ಉಳಿಸಿ ಆರನ್ನು ಹೊಡೆದುಹಾಕಿದೆ. ಯಾರ ಕ್ಷಮೆ ಕೇಳುತ್ತಿದ್ದೀರಿ ಅಂತ ನಿಮಗೇ ಗೊತ್ತಿಲ್ಲ, ಅಲ್ವಾ?

ಮೊದಲು ನಿಮ್ಮ ಮನೆಯವರ ಪರವಾಗಿ ಒಂದು ಮಾತು. ಇಲ್ಲದಿದ್ದರೆ ಮುಂದಿನ ಸಂಚಿಕೆಗೆ ಅವರ ಪತ್ರ ಬರುತ್ತದೆ. ಹಿರಿಯರ ನಂಬಿಕೆಗಳೆಲ್ಲ ಕಸವಲ್ಲ. ಎಷ್ಟನ್ನೋ ಅವರು ಪೆಟ್ಟು ತಿಂದು ಕಲಿತಿರುತ್ತಾರೆ. ನಿನ್ನೆ ಓದಿದ ಯಾವುದೋ ಲೇಖನ ನಂಬಿ ಅದನ್ನೆಲ್ಲ ಎಸೆದುಬಿಡುವವರನ್ನು ನೋಡಿದ್ದೇನೆ. ಲಾಭ ಕಂಡ ಕಡೆ ಬಣ್ಣ ಬದಲಿಸುವ ಗೋಸುಂಬೆಗಳ ಮಾತಂತೂ ಬೇಡ. ಸರಿ, ಅವರ ಪಾಲು ಮುಗಿಯಿತು.

ಚಾರ್ಲ್ಸ್ ಡಾರ್ವಿನ್ 1831ರಲ್ಲಿ ಬೀಗಲ್ ಹಡಗು ಹತ್ತಿದಾಗ ಪಾದ್ರಿಯಾಗಲು ಹೊರಟಿದ್ದ ಹುಡುಗ. ಹಡಗಿನಲ್ಲಿ ನೀತಿಯ ವಿಚಾರವೊಂದಕ್ಕೆ ಬೈಬಲ್ಲನ್ನೇ ಕೊನೆಯ ಮಾತು ಎಂಬಂತೆ ಎತ್ತಿ ಹೇಳಿ, ಅಧಿಕಾರಿಗಳಿಂದ ನಗಿಸಿಕೊಂಡೆ ಎಂದು ತಾನೇ ಬರೆದಿದ್ದಾನೆ. ಆ ನಂಬಿಕೆ ರಾತ್ರೋರಾತ್ರಿ ಹೋಗಲಿಲ್ಲ. ಎಷ್ಟು ನಿಧಾನವಾಗಿ ಕಳಚಿತು ಅಂದರೆ, ಸಂಕಟವೇ ಆಗಲಿಲ್ಲವಂತೆ. ಆದರೆ ಬಾಯಿಬಿಟ್ಟು ಹೇಳುವಾಗ ಸಂಕಟ ಆಗದೆ ಇರಲಿಲ್ಲ. ಜೀವಿಗಳು ಬದಲಾಗುತ್ತವೆ ಎಂಬ ವಿಚಾರವನ್ನು 1844ರಲ್ಲಿ ಗೆಳೆಯ ಹುಕರ್‌ಗೆ ತಿಳಿಸುವಾಗ, ಇದು ಕೊಲೆಯನ್ನು ಒಪ್ಪಿಕೊಂಡ ಹಾಗಿದೆ ಎಂದ. ಆ ವಿಚಾರದ ಪುಸ್ತಕ ಹೊರಬಂದದ್ದು 1859ರಲ್ಲಿ. ನಿಮ್ಮ ಏಳು ‘ಕ್ಷಮಿಸಿ’ ಓದುವಾಗ ನನಗೆ ನೆನಪಾದದ್ದು ಈ ಕೊಲೆಯ ಮಾತೇ.

ಮನೆಯ ವಿಚಾರಕ್ಕೆ ಬನ್ನಿ. ಅವನ ಹೆಂಡತಿ ಎಮ್ಮಾ ದೇವರನ್ನು ಗಟ್ಟಿಯಾಗಿ ನಂಬಿದವಳು. ಮದುವೆಯಾದ ಹೊಸತರಲ್ಲಿ, ಒಂದೇ ಮನೆಯಲ್ಲಿದ್ದುಕೊಂಡೇ, ಗಂಡನಿಗೆ ಒಂದು ಪತ್ರ ಬರೆದಳು. ಎದುರು ಕೂತು ಹೇಳಲು ಆಗಿರಲಿಕ್ಕಿಲ್ಲ. ನಾವು ಎಂದೆಂದಿಗೂ ಒಬ್ಬರಿಗೊಬ್ಬರು ಸೇರಿದವರಲ್ಲ ಅನ್ನಿಸಿದರೆ ನನಗೆ ತುಂಬಾ ದುಃಖವಾಗುತ್ತದೆ ಅಂತ ಅದರಲ್ಲಿತ್ತು. ಡಾರ್ವಿನ್ ಅದನ್ನು ಜೋಪಾನವಾಗಿ ಇಟ್ಟುಕೊಂಡ. ಅದರ ಕೊನೆಯಲ್ಲಿ ತನ್ನ ಕೈಯಲ್ಲಿ ಹೀಗೆ ಬರೆದ: ನಾನು ಸತ್ತ ಮೇಲೆ ತಿಳಿದುಕೋ, ಎಷ್ಟೋ ಸಲ ಇದಕ್ಕೆ ಮುತ್ತಿಟ್ಟು ಅತ್ತಿದ್ದೇನೆ.

ಅವಳಿಗೋಸ್ಕರ ಅವನು ನಂಬಿದ ಹಾಗೆ ನಟಿಸಲಿಲ್ಲ. ಅವಳ ನಂಬಿಕೆಯನ್ನು ಗೇಲಿಯೂ ಮಾಡಲಿಲ್ಲ. (ಅವನು ಸತ್ತ ಮೇಲೆ ಅವನ ಆತ್ಮಕಥೆ 1887ರಲ್ಲಿ ಅಚ್ಚಾದಾಗ, ಧರ್ಮದ ಬಗ್ಗೆ ಬರೆದ ಎಷ್ಟೋ ಸಾಲುಗಳನ್ನು ಮನೆಯವರು ತೆಗೆದುಹಾಕಿದರು. ಅವು ಮತ್ತೆ ಸೇರಿದ್ದು 1958ರಲ್ಲಿ. ಮನೆಯವರು ಎಲ್ಲ ಕಡೆಯೂ ಮನೆಯವರೇ!)

ಅವನಿಗೆ ಇನ್ನೊಂದು ಅಭ್ಯಾಸ ಇತ್ತು. ತನ್ನ ತೀರ್ಮಾನಕ್ಕೆ ಒಗ್ಗದ ಸಂಗತಿ ಕಣ್ಣಿಗೆ ಬಿದ್ದರೆ ತಕ್ಷಣ ಬರೆದಿಡುತ್ತಿದ್ದ. ಅಂಥವೇ ಬೇಗ ಮರೆತುಹೋಗುತ್ತವೆ ಎಂದು ಅವನಿಗೆ ಗೊತ್ತಿತ್ತು. ನೀವು ‘ನನಗೇ ಮೋಸ’ ಅಂತ ಕೇಳಿದಿರಲ್ಲ, ಆ ಚೀಟಿಯನ್ನು ಬರೆಯದೆ ಬಿಡುವುದು ಮೋಸ. ಬರೆದಿಟ್ಟುಕೊಂಡು, ಅದನ್ನು ಓದಿ, ಆಮೇಲೆ ಬದಲಾದರೆ ಮೋಸ ಎಲ್ಲಿ ಬಂತು? ಅಪ್ಪ ನೆಟ್ಟ ಆಲದಮರದ ಗಾದೆಯನ್ನು ನಾನು ಹೇಳುವುದಿಲ್ಲ. ಅದು ನಿಮಗೂ ಸಾಕಾಗಿರಬೇಕು.

ಈ ವಿಷಯದಲ್ಲಿ ನನ್ನ ಕೈಯೇನೂ ಚೊಕ್ಕಟವಾಗಿಲ್ಲ. ಹೋದ ತಿಂಗಳು ಹಳೆಯ ಸಂಪುಟ ಒಂದನ್ನು ತೆಗೆದೆ. ಬೆನ್ನು ಕಿತ್ತುಹೋಗಿತ್ತು, ಹುಳ ಅಂಚನ್ನು ತಿಂದಿತ್ತು. ಒಳಗೆ ನನ್ನದೇ ಸಂಪಾದಕೀಯ: ‘ಮಾತು ಬದಲಿಸುವವರನ್ನು ನಂಬಬೇಡಿ’. ಅಡಿಗೆರೆ ಬೇರೆ, ಕೆಂಪು ಪೆನ್ಸಿಲ್‌ನಲ್ಲಿ. ಎಳೆದವನೂ ನಾನೇ. ಅಷ್ಟು ಇಷ್ಟವಾಗಿತ್ತು ಅನ್ನಿ! ಆವತ್ತು ಬೈದದ್ದು ಯಾರಿಗೆ ಅಂತ ಈಗ ಜ್ಞಾಪಕ ಇಲ್ಲ. ಈಗಿನ ನನಗೇ ಬೈದ ಹಾಗಿದೆ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 19,000ಕ್ಕೂ ಹೆಚ್ಚು ಜನರನ್ನು ಕೇಳಿದ್ದರು. ಹಿಂದಿನ ಹತ್ತು ವರ್ಷದಲ್ಲಿ ಜಾಸ್ತಿ ಬದಲಾಗಿದ್ದೇವೆ, ಮುಂದಿನ ಹತ್ತರಲ್ಲಿ ಅಷ್ಟು ಬದಲಾಗಲಾರೆವು ಎನ್ನುವುದು ಎಲ್ಲ ವಯಸ್ಸಿನವರಲ್ಲೂ ಕಂಡ ಭಾವನೆ. ಅಂದರೆ ಈಗಿನ ನಾನೇ ಪೂರ್ತಿಯಾದ ನಾನು. ಕೆಂಪು ಪೆನ್ಸಿಲ್ ಹಿಡಿದಾಗ ನನಗೂ ಹಾಗೇ ಅನ್ನಿಸಿತ್ತು.

ನನ್ನ ನಿಜವಾದ ಸಿಟ್ಟು ಬೇರೆ. ‘ನಲವತ್ತು ವರ್ಷದಿಂದ ನನ್ನ ನಿಲುವು ಬದಲಾಗಿಲ್ಲ’ ಎಂದು ಯಾರಾದರೂ ವೇದಿಕೆಯಲ್ಲಿ ಹೇಳಿದರೆ ಸಭೆ ಚಪ್ಪಾಳೆ ತಟ್ಟುತ್ತದೆ. ನಲವತ್ತು ವರ್ಷ ಏನೂ ಓದಲಿಲ್ಲವೇ ಸ್ವಾಮಿ, ಯಾರ ಮಾತೂ ಕಿವಿಗೆ ಬೀಳಲಿಲ್ಲವೇ ಎಂದು ಒಬ್ಬರೂ ಕೇಳುವುದಿಲ್ಲ. ತಪ್ಪಾಯಿತು ಎಂದವನ ಹಳೆಯ ಮಾತನ್ನು ಮಾತ್ರ ಹುಡುಕಿ ತೆಗೆದು ಊರಿಗೆಲ್ಲ ಹಂಚುತ್ತಾರೆ. ತನ್ನ ಎರಡು ಬರಹ ಒಂದಕ್ಕೊಂದು ಹೊಂದದಿದ್ದರೆ ಆಮೇಲೆ ಬರೆದದ್ದನ್ನು ತೆಗೆದುಕೊಳ್ಳಿ ಎಂದು ಗಾಂಧೀಜಿ 1933ರಲ್ಲೇ ‘ಹರಿಜನ’ದಲ್ಲಿ ಬರೆದರು. ಜಗಳಕ್ಕೆ ನಿಂತವರು ತಮಗೆ ಅನುಕೂಲವಾದದ್ದನ್ನೇ ತೆಗೆದುಕೊಳ್ಳುತ್ತಾರೆ.

ಅಚ್ಚಿನ ಕೆಲಸದಲ್ಲಿರುವ ನನಗೆ ಹತ್ತಿರದವನು ಜರ್ಮನಿಯ ಗಣಿತಜ್ಞ ಫ್ರೇಗೆ. ಗಣಿತಕ್ಕೆ ತರ್ಕದ ಅಡಿಪಾಯ ಹಾಕಲು ವರ್ಷಗಟ್ಟಲೆ ದುಡಿದವನು. ಆ ಕೆಲಸದ ಪುಸ್ತಕದ ಎರಡನೆಯ ಸಂಪುಟ ಅಚ್ಚಿನಲ್ಲಿದ್ದಾಗ, 1902ರಲ್ಲಿ, ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನಿಂದ ಪತ್ರ ಬಂತು: ನಿಮ್ಮ ಅಡಿಪಾಯದಲ್ಲೇ ವಿರೋಧಾಭಾಸ ಇದೆ. ಪತ್ರ ಎಲ್ಲೋ ಕಳೆದುಹೋಯಿತು ಅನ್ನಬಹುದಿತ್ತು. ಒಂದೇ ವಾರದಲ್ಲಿ ಉತ್ತರ ಬರೆದ. ಪುಸ್ತಕದ ಕೊನೆಗೆ ಅನುಬಂಧ ಸೇರಿಸಿ ದೋಷವನ್ನು ತಾನೇ ಅಚ್ಚು ಮಾಡಿಸಿದ. ನಮ್ಮ ‘ತಿದ್ದುಪಡಿ’ ಕಾಲಂ ಅನ್ನು ನಾವು ಎಷ್ಟು ಚಿಕ್ಕ ಅಕ್ಷರದಲ್ಲಿ ಹಾಕುತ್ತೇವೆ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಹುಳ ತಿಂದ ಆ ಸಂಪಾದಕೀಯವನ್ನು ಮುಂದಿನ ಸಂಚಿಕೆಯಲ್ಲಿ ಮತ್ತೆ ಹಾಕುತ್ತಿದ್ದೇನೆ. ಪಕ್ಕದಲ್ಲೇ ಅದಕ್ಕೆ ನನ್ನ ಉತ್ತರ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಓದಿ ಬರೆಯಿರಿ. ಹಾಂ, ಇನ್ನು ಮುಂದೆ ಹಾಳೆಯ ಎರಡೂ ಬದಿ ಬರೆಯಬೇಡಿ. ಹಿಂದಿನ ಶಾಯಿ ಮುಂದಕ್ಕೆ ಇಳಿದು ಓದಲು ಕಷ್ಟವಾಗುತ್ತದೆ.

– ಸಂ.