ಪಹಣಿಯಲ್ಲಿ ಎರಡು ಎಕರೆ, ಬಿಲ್ಲಿನಲ್ಲಿ ಹತ್ತು ಎಕರೆ

ಕಳೆದ ಸಂಚಿಕೆಯಲ್ಲಿ, ಚುನಾವಣೆಗೆ ನಿಲ್ಲುವವರು ಕೊಡುವ ಆಸ್ತಿ ಅಫಿಡವಿಟ್ ಬಗ್ಗೆ, ಅದರಲ್ಲಿ ತೋಟದ ಆದಾಯವನ್ನೂ ಕಟ್ಟಿದ ತೆರಿಗೆಯನ್ನೂ ಬರೆಸಬೇಕು ಅಂತ ನಾಲ್ಕು ಸಾಲು ಬರೆದಿದ್ದೆ. ನಾಲ್ಕೇ ಸಾಲು. ಅದಕ್ಕೆ ಬಂದ ಕಾಗದಗಳ ಕಟ್ಟು ನೋಡಿದರೆ ಮಲೆನಾಡಿನಲ್ಲಿ ಈ ಮಳೆಗೆ ಯಾರಿಗೂ ಬೇರೆ ಕೆಲಸ ಇಲ್ಲವೇನೋ ಅನ್ನಿಸಿತು. ಕೆಲವರು ಚೆನ್ನಾಗಿಯೇ ಬೈದಿದ್ದಾರೆ. ಬೈಗುಳದ ಭಾಗ ಬಿಟ್ಟು ಪ್ರಶ್ನೆಯ ಭಾಗ ಹಾಕಿದ್ದೇನೆ.

ಪ್ರಶ್ನೆ: ಅಫಿಡವಿಟ್‌ನಲ್ಲಿ ಚಿನ್ನ ಎಷ್ಟು, ಕಾರು ಎಷ್ಟು, ಸೈಟು ಎಷ್ಟು ಅಂತೆಲ್ಲ ಇರುತ್ತದೆ. ತೆರಿಗೆ ಎಷ್ಟು ಕಟ್ಟಿದರು ಅನ್ನುವುದು ಮಾತ್ರ ಯಾಕೆ ಕಾಣುವುದಿಲ್ಲ? (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ಕಾಣುವುದಿಲ್ಲ, ಯಾಕೆಂದರೆ ಕೇಳಿಲ್ಲ. ಅಷ್ಟೇ.

ಆ ಅಫಿಡವಿಟ್‌ಗೆ ಫಾರಂ 26 ಅಂತ ಹೆಸರು. ಅದೇನೂ ನಮ್ಮ ನಾಯಕರು ತಾವಾಗಿ ಕೊಟ್ಟ ಉಡುಗೊರೆ ಅಲ್ಲ. ಅಭ್ಯರ್ಥಿಗಳು ಆಸ್ತಿ ವಿವರ ಕೊಡಲೇಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಪಕ್ಷಗಳೆಲ್ಲ ಒಂದಾಗಿ ಅದನ್ನು ತಪ್ಪಿಸಲು ಕಾನೂನು ತಂದವು, 2003ರಲ್ಲಿ ಕೋರ್ಟ್ ಆ ಕಾನೂನನ್ನೂ ಹೊಡೆದುಹಾಕಿತು. ಎಲ್ಲ ಪಕ್ಷಗಳೂ ಒಂದೇ ಮನೆಯವರ ಹಾಗೆ ಕೂತು ಒಪ್ಪಿಕೊಂಡ ಕೆಲವೇ ವಿಷಯಗಳಲ್ಲಿ ಅದೂ ಒಂದು. ಆಮೇಲೆ 2019ರಲ್ಲಿ ಫಾರಂ ಬದಲಾಯಿತು. ಈಗ ಅಭ್ಯರ್ಥಿ, ಗಂಡ ಅಥವಾ ಹೆಂಡತಿ, ಅವಲಂಬಿತರು, ಇವರೆಲ್ಲ ಐಟಿ ರಿಟರ್ನ್‌ನಲ್ಲಿ ತೋರಿಸಿದ ಒಟ್ಟು ಆದಾಯವನ್ನು ಐದು ವರ್ಷದ್ದು ಬರೆಯಬೇಕು. ಆದಾಯದ ಮೂಲ ಯಾವುದು ಅಂತಲೂ ಬರೆಯಬೇಕು.

ಒಳ್ಳೆಯದೇ. ಆದರೆ ಆ "ಒಟ್ಟು ಆದಾಯ" ಅನ್ನುವ ಮಾತಿನಲ್ಲೇ ಒಂದು ಕಿಂಡಿ ಇದೆ. ನಾವು ನೀವು ಒಟ್ಟು ಅಂದರೆ ಎಲ್ಲ ಸೇರಿ ಅಂದುಕೊಳ್ಳುತ್ತೇವೆ, ಅಲ್ವಾ? ಆದಾಯ ತೆರಿಗೆ ಕಾನೂನಿನ ಲೆಕ್ಕವೇ ಬೇರೆ. ಅದರಲ್ಲಿ ಕೃಷಿ ಆದಾಯ ಸೇರುವುದಿಲ್ಲ. ಹಾಗಾಗಿ ಒಬ್ಬರಿಗೆ ತೋಟದಿಂದ 80 ಲಕ್ಷ, ಬಾಡಿಗೆಯಿಂದ 6 ಲಕ್ಷ ಬಂದರೆ, ಅಫಿಡವಿಟ್‌ನಲ್ಲಿ ನಮಗೆ ಕಾಣುವುದು 6 ಲಕ್ಷ. ಮೂಲದ ಕಾಲಂನಲ್ಲಿ "ಕೃಷಿ" ಅಂತ ಎರಡಕ್ಷರ. ಆ 80 ಲಕ್ಷ ಆ ಎರಡಕ್ಷರದ ಹಿಂದೆ ಆರಾಮಾಗಿ ಮಲಗಿರುತ್ತದೆ.

ಇನ್ನೊಂದು ಮಾತು. ಐದು ವರ್ಷದಲ್ಲಿ ಆಸ್ತಿ ಇಷ್ಟು ಪಟ್ಟು ಹೆಚ್ಚಾಯಿತು ಅಂತ ಚುನಾವಣೆ ಬಂದಾಗಲೆಲ್ಲ ಸುದ್ದಿ ಬರುತ್ತದೆ. ಅದೊಂದನ್ನೇ ನೋಡಿ ಕಳ್ಳ ಅನ್ನಬೇಡಿ. ಶಿವಮೊಗ್ಗ ಪಕ್ಕದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಕಡೆ ಸೈಟಿನ ರೇಟು ಕೇಳಿ ನೋಡಿ. ಏನೂ ಮಾಡದೆ ಸುಮ್ನೆ ಕೂತವರ ಆಸ್ತಿಯೂ ಕಾಗದದ ಮೇಲೆ ಏರಿದೆ. ಆಸ್ತಿ ಏರಿದ್ದು ಸಾಚಾವೋ ಅಲ್ಲವೋ ಗೊತ್ತಾಗಬೇಕಾದರೆ ಅದರ ಪಕ್ಕದಲ್ಲಿ ಎರಡು ಅಂಕಿ ಬೇಕು: ಕೃಷಿಯೂ ಸೇರಿದ ನಿಜವಾದ ಆದಾಯ, ಮತ್ತು ಕಟ್ಟಿದ ತೆರಿಗೆ. ಫಾರಂಗೆ ಎರಡು ಕಾಲಂ ಸೇರಿಸಿದರೆ ಮುಗಿಯಿತು, ಅದಕ್ಕೆ ಹೊಸ ಇಲಾಖೆಯೂ ಬೇಡ, ಆಯೋಗವೂ ಬೇಡ.

ಪ್ರಶ್ನೆ: ಸರ್, ಅಮೆರಿಕದಲ್ಲಿ ಅಧ್ಯಕ್ಷರೇ ತಮ್ಮ ರಿಟರ್ನ್ ತೋರಿಸುತ್ತಾರಂತೆ. ನಮ್ಮ ಶಾಸಕರ ರಿಟರ್ನ್ ಬೇಕು ಅಂತ ಆರ್‌ಟಿಐ ಹಾಕಿದರೆ ಸಿಗುತ್ತದಾ? (ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಸಿಗುವುದು ಕಷ್ಟ ತಮ್ಮಾ. 2012ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಐಟಿ ರಿಟರ್ನ್ ಅಂದರೆ ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ಇದೆ ಅಂತ ತೋರಿಸದೆ ಕೊಡುವ ಹಾಗಿಲ್ಲ ಅಂತ ಹೇಳಿಬಿಟ್ಟಿದೆ. ನಮ್ಮ ರಾಜ್ಯದಲ್ಲಿ ಇನ್ನೊಂದು ದಾರಿ ಇದೆ. 1984ರ ಲೋಕಾಯುಕ್ತ ಕಾಯ್ದೆ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರ ಒಳಗೆ ತಮ್ಮ ಮತ್ತು ಮನೆಯವರ ಆಸ್ತಿ, ಸಾಲದ ಲೆಕ್ಕ ಲೋಕಾಯುಕ್ತಕ್ಕೆ ಕೊಡಬೇಕು. ಆದರೆ ಅದೂ ಆಸ್ತಿಯ ಲೆಕ್ಕವೇ. ತೆರಿಗೆಯದ್ದಲ್ಲ.

ಅಮೆರಿಕದವರನ್ನು ಜಾಸ್ತಿ ಹೊಗಳಬೇಡಿ. ಅಲ್ಲಿ ಅದು ಕಾನೂನಲ್ಲ, ಬರೀ ವಾಡಿಕೆ. 1973ರಲ್ಲಿ ಆಗಿನ ಅಧ್ಯಕ್ಷ ನಿಕ್ಸನ್ ಸಿಕ್ಕಿಬಿದ್ದು ತೋರಿಸಿದರು. ಸಂಸತ್ತಿನ ಸಮಿತಿ ಕೂತು ಲೆಕ್ಕ ಹಾಕಿದಾಗ 4.76 ಲಕ್ಷ ಡಾಲರ್‌ನಷ್ಟು ಬಾಕಿ ಅಂತ ಬಂತು. ಆಮೇಲೆ ಬಂದವರು ವಾಡಿಕೆ ಉಳಿಸಿಕೊಂಡು ಬಂದರು. 2016ರಲ್ಲಿ ಟ್ರಂಪ್ ಕೊಡಲ್ಲ ಅಂದರು, ವಾಡಿಕೆ ಅಲ್ಲಿಗೆ ಮುರಿಯಿತು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೇ ಆರು ವರ್ಷದ ರಿಟರ್ನ್‌ಗಳನ್ನು ಹೊರಗೆ ಹಾಕಿತು. 2017ರಲ್ಲಿ, ಅಧ್ಯಕ್ಷರಾಗಿದ್ದ ವರ್ಷ, ಅವರು ಕಟ್ಟಿದ ಕೇಂದ್ರ ಆದಾಯ ತೆರಿಗೆ 750 ಡಾಲರ್. ನಷ್ಟ ತೋರಿಸಿ ತೋರಿಸಿ ಅಷ್ಟಕ್ಕೆ ಇಳಿಸಿದ್ದರು. ಬರೀ ವಾಡಿಕೆಯನ್ನು ನಂಬಿದರೆ ಹೀಗೇ ಆಗುತ್ತದೆ. ಬೇಲಿ ಇಲ್ಲದ ತೋಟಕ್ಕೆ ಮೊದಲ ದನ ನುಗ್ಗುವ ತನಕ ಎಲ್ಲ ಸರಿ.

ಕಾನೂನು ಮಾಡಿದವರೂ ಇದ್ದಾರೆ. ನಾರ್ವೆಯಲ್ಲಿ ಯಾರ ಆದಾಯ ಎಷ್ಟು, ತೆರಿಗೆ ಎಷ್ಟು ಅಂತ ಯಾರು ಬೇಕಾದರೂ ನೋಡಬಹುದು, ಆದರೆ 2014ರಿಂದ ನೋಡಿದವರ ಹೆಸರು ನೋಡಿಸಿಕೊಂಡವರಿಗೆ ಗೊತ್ತಾಗುತ್ತದೆ. (ನಮ್ಮ ಕಡೆ ಇದು ಬಂದರೆ ಮೊದಲು ಮುಗಿಬೀಳುವವರು ಹೆಣ್ಣು ಗಂಡು ನೋಡುವ ದಲ್ಲಾಳಿಗಳು.) ಅಷ್ಟು ದೂರ ಯಾಕೆ, ಪಾಕಿಸ್ತಾನದಲ್ಲೂ 2014ರಲ್ಲಿ ಸಂಸದರು, ಶಾಸಕರು ಯಾರ್ಯಾರು ಎಷ್ಟು ತೆರಿಗೆ ಕಟ್ಟಿದರು ಅನ್ನುವ ಪಟ್ಟಿಯನ್ನು ಅಲ್ಲಿನ ತೆರಿಗೆ ಇಲಾಖೆ ಪ್ರಕಟಿಸಿತು. ನಾವು ದಿನ ಬೆಳಗಾದರೆ ಅವರ ಜೊತೆ ಹೋಲಿಸಿಕೊಳ್ಳುತ್ತೇವೆ. ಇದೊಂದರಲ್ಲಿ ಮಾತ್ರ ಯಾರೂ ಹೋಲಿಸುವುದಿಲ್ಲ.

ಪ್ರಶ್ನೆ: ಕೆಲವು ರಾಜ್ಯಗಳಲ್ಲಿ ಮಂತ್ರಿಗಳ ತೆರಿಗೆಯನ್ನು ಸರ್ಕಾರವೇ ಕಟ್ಟುತ್ತಿತ್ತು ಅನ್ನುವುದು ನಿಜವೇ? (ಶಿಕಾರಿಪುರ)

ಉತ್ತರ: ನಿಜ. ಉತ್ತರ ಪ್ರದೇಶದಲ್ಲಿ 1981ರ ಕಾನೂನಿನಿಂದ 2019ರ ತನಕ ನಡೆಯಿತು. ಮಂತ್ರಿಗಳು ಪಾಪ ಬಡವರು ಅನ್ನುವ ಲೆಕ್ಕದಲ್ಲಿ ಮಾಡಿದ್ದು. ಮಧ್ಯಪ್ರದೇಶ 2024ರಲ್ಲಿ ನಿಲ್ಲಿಸಿತು. ಇನ್ನು ಶಾಸಕರ ಸಂಬಳಕ್ಕೆ ತೆರಿಗೆ ಉಂಟು, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡರೆ ಕ್ಷೇತ್ರ ಭತ್ಯೆಗೆ, ದಿನಭತ್ಯೆಗೆ ಇಲ್ಲ. ನಮ್ಮಲ್ಲಿ 2025ರ ಮಾರ್ಚ್‌ನಲ್ಲಿ ಶಾಸಕರ ತಿಂಗಳ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿಕೊಂಡರು. ಅದಕ್ಕೆ ಚರ್ಚೆ ಎಷ್ಟು ಹೊತ್ತು ನಡೆಯಿತು ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ: ರಾಜಕಾರಣಿಗಳ ಹೆಸರು ಹೇಳಿಕೊಂಡು ನೀವು ಅಡಿಕೆ ಬೆಳೆಗಾರರ ತಲೆಗೆ ತೆರಿಗೆ ಕಟ್ಟಲು ಹೊರಟಿದ್ದೀರಿ. ಎಲೆಚುಕ್ಕಿ ರೋಗ, ಕೊಳೆ, ಮಂಗನ ಕಾಟ ಎಲ್ಲ ನಿಮಗೆ ಗೊತ್ತಾ? (ಅಡಿಕೆ ಬೆಳೆಗಾರರು, ಸಾಗರ)

ಉತ್ತರ: ಗೊತ್ತು ಮಾರಾಯ್ರೆ. ನನ್ನದೂ ಒಂದೂಕಾಲು ಎಕರೆ ತೋಟ ಇದೆ, ಕಳೆದ ಮಳೆಗಾಲದಲ್ಲಿ ಕೊಳೆಗೆ ಬೋರ್ಡೋ ಔಷಧಿ ಹೊಡೆಸಲು ಜನ ಸಿಗದೆ ಅರ್ಧ ಫಸಲು ಉದುರಿತು. ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಸ್ವಲ್ಪ ಪೂರ್ತಿ ಕೇಳಿ.

ವಯಸ್ಸಿನಲ್ಲಿ ನಾನು ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲಿಗೆ ಒಬ್ಬ ಮನುಷ್ಯ ಬರುತ್ತಿದ್ದ, ಬಿಳಿ ಅಂಗಿ, ಕೈಯಲ್ಲಿ ಚರ್ಮದ ಬ್ಯಾಗು. ಪಹಣಿಯಲ್ಲಿ ಅವನದು ಎರಡು ಎಕರೆ. ಎಕರೆಗೆ ಎಂಟು ಹತ್ತು ಕ್ವಿಂಟಲ್ ಬಂದರೆ ನಾವು ಒಳ್ಳೆ ತೋಟ ಅನ್ನುತ್ತೇವೆ. ಅವನ ಬಿಲ್ಲು ನೋಡಿದರೆ ಹತ್ತು ಎಕರೆಯವನ ಬಿಲ್ಲು. ಅಡಿಕೆಯ ಬಗೆಗಳಲ್ಲಿ ರಾಶಿಯೂ ಇದೆ, ಬೆಟ್ಟೆಯೂ ಇದೆ. ಮೂಟೆ ಮಾತ್ರ ನಾನು ಕಣ್ಣಾರೆ ಒಂದೂ ಕಂಡಿಲ್ಲ. ಒಂದು ದಿನ ಹಿರಿಯ ಗುಮಾಸ್ತರನ್ನು ಕೇಳಿದೆ. "ಆ ತೋಟ ಬೆಂಗಳೂರಲ್ಲಿದೆ, ನೀನು ಸುಮ್ನೆ ಬರಿ" ಅಂದರು. ಎಲ್ಲೋ ಬಂದ ದುಡ್ಡು ಅಡಿಕೆಯ ಬಿಲ್ಲಿನೊಳಗೆ ಹಾದು ಬಿಳಿಯಾಗಿ ಹೊರಗೆ ಬರುತ್ತಿತ್ತು. ನಾನೂ ಬರೆದೆ. ಆಗ ಕೆಲಸ ಬೇಕಿತ್ತು.

ನಾನು ಹೇಳುತ್ತಿರುವುದು ಅವನ ವಿಷಯ, ನಿಮ್ಮದಲ್ಲ. ನಿಮ್ಮ ಹೆಸರಿನ ಮರೆಯಲ್ಲಿ ಅವನು ನಿಂತಿದ್ದಾನೆ ಅಂತ ನಿಮಗೇ ಸಿಟ್ಟು ಬರಬೇಕು.

ಈಗಿನ ಕಾನೂನು ಎಷ್ಟು ಸೊಟ್ಟ ಅಂತ ಒಂದು ಲೆಕ್ಕ ಹಾಕೋಣ. ನಮ್ಮೂರಿನ ಒಬ್ಬ ಬ್ಯಾಂಕ್ ಉದ್ಯೋಗಿ, ತೆರಿಗೆಗೆ ಬರುವ ಆದಾಯ 15 ಲಕ್ಷ, ಅಪ್ಪನಿಂದ ಬಂದ ತೋಟದಿಂದ 5 ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ, ತೋಟ ಇಲ್ಲದಿದ್ದರೆ ಅವರ ತೆರಿಗೆ 1,05,000. ತೋಟ ಇರುವುದರಿಂದ ಎರಡನ್ನೂ ಕೂಡಿಸಿ, ಮೇಲಿನ ಹಂತದ ದರ ಹಿಡಿದು, ಆಮೇಲೆ ತೋಟದ ಪಾಲು ಕಳೆದರೆ 1,70,000 ಬರುತ್ತದೆ, ಸೆಸ್ ಬೇರೆ. ಅಂದರೆ "ತೆರಿಗೆ ಇಲ್ಲದ" 5 ಲಕ್ಷದಿಂದ 65 ಸಾವಿರ ಹೆಚ್ಚಾಯಿತು. ಅದೇ ಬರೀ ತೋಟದಿಂದಲೇ 1 ಕೋಟಿ ಬರುವವರಿಗೆ ಕೇಂದ್ರದ ಆದಾಯ ತೆರಿಗೆ ಎಷ್ಟು? ಸೊನ್ನೆ. ಸಂಬಳದ ಜೊತೆ ಸಣ್ಣ ತೋಟ ಇಟ್ಟುಕೊಂಡವನಿಗೆ ಬಿಸಿ, ದೊಡ್ಡ ತೋಟದವನಿಗೆ ನೆರಳು.

ಖೇಣಿ (ಮರದಲ್ಲಿರುವ ಫಸಲನ್ನು ಮೊದಲೇ ಒಟ್ಟಿಗೆ ಕೊಳ್ಳುವುದು) ವಿಷಯವೂ ಹೇಳಿಬಿಡುತ್ತೇನೆ, ಇದನ್ನು ಕೇಳಿ ಮೂರು ಜನ ಬರೆದಿದ್ದಾರೆ. ನಿಮ್ಮ ತೋಟದ ಅಡಿಕೆಯನ್ನು ನೀವೇ ಸುಲಿಸಿ, ಬೇಯಿಸಿ, ಒಣಗಿಸಿ ಮಾರಿದರೆ ಅದು ಕೃಷಿ ಆದಾಯವೇ. ಆದರೆ ನಿಂತ ಫಸಲನ್ನು ಖೇಣಿ ಹಿಡಿದು, ಕೊನೆ (ಅಡಿಕೆ ಗೊನೆ) ತೆಗೆಸಿ ಮಾರುವವರ ಲಾಭ ವ್ಯಾಪಾರದ ಆದಾಯ. ಅದಕ್ಕೆ ತೆರಿಗೆ ಉಂಟು. ಎಷ್ಟು ಜನ ಕಟ್ಟುತ್ತಾರೆ ಅಂತ ನೀವೇ ಅಂದಾಜು ಮಾಡಿ. ಕಾಫಿಯವರಿಗೆ ಇನ್ನೊಂದು ಬಗೆ. ತಾವೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರಿದರೆ ಆ ಆದಾಯದ ನಾಲ್ಕನೇ ಒಂದು ಭಾಗ ಕೇಂದ್ರದ ತೆರಿಗೆಗೆ ಬರುತ್ತದೆ.

ಈ ವಿನಾಯಿತಿ ಆಕಾಶದಿಂದ ಬಿದ್ದದ್ದೂ ಅಲ್ಲ. 1860ರಲ್ಲಿ ಬ್ರಿಟಿಷರು ಆದಾಯ ತೆರಿಗೆ ತಂದಾಗ ಕೃಷಿಯೂ ಒಳಗಿತ್ತು. ರೈತ ಹೇಗೂ ಕಂದಾಯ ಕಟ್ಟುತ್ತಿದ್ದ, ಹಾಗಾಗಿ 1886ರಲ್ಲಿ ಹೊರಗಿಟ್ಟರು. ಈಗ ಆ ಕಂದಾಯ ಹೆಸರಿಗಷ್ಟೇ ಉಳಿದಿದೆ, ವಿನಾಯಿತಿ ಪೂರ್ತಿ ಉಳಿದಿದೆ. 1972ರಲ್ಲಿ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಸಮಿತಿ ಅಂತ ಮಾಡಿದರು, ದೊಡ್ಡ ಹಿಡುವಳಿಗೆ ತೆರಿಗೆ ಹಾಕುವ ದಾರಿ ಅವರು ಹೇಳಿದರು. ವರದಿ ಕಪಾಟು ಸೇರಿತು.

ಇದಕ್ಕೆಲ್ಲ ನಮ್ಮ ನೆಲದಲ್ಲೇ ಹಳೆಯ ಉತ್ತರ ಇದೆ. ಕೆಳದಿಯ ಶಿವಪ್ಪ ನಾಯಕನ ಶಿಸ್ತು (ಕಂದಾಯದ ಕಟ್ಟಳೆ) ಅಂತ ನಮ್ಮ ಅಜ್ಜಂದಿರು ಇವತ್ತಿಗೂ ಹೇಳುತ್ತಾರೆ. 17ನೇ ಶತಮಾನದ ಮನುಷ್ಯ, ಬಿದನೂರಿನಲ್ಲಿ ಕೂತು ನೆಲವನ್ನು ಫಲವತ್ತತೆ ನೋಡಿ ಐದು ದರ್ಜೆ ಮಾಡಿದ. ಹೆಚ್ಚು ಬೆಳೆಯುವ ನೆಲಕ್ಕೆ ಹೆಚ್ಚು, ಕಮ್ಮಿ ಬೆಳೆಯುವ ನೆಲಕ್ಕೆ ಕಮ್ಮಿ, ಅಡಿಕೆ ತೋಟಕ್ಕೆ ಮರದ ಲೆಕ್ಕ. ಅವನೇನೂ ಧರ್ಮಛತ್ರ ಇಟ್ಟಿರಲಿಲ್ಲ, ಒಳ್ಳೆ ನೆಲದಿಂದ ಮೂರನೇ ಒಂದು ಪಾಲು ತನಕ ಎತ್ತುತ್ತಿದ್ದ. ಆದರೂ ಜನ ಅವನ ಹೆಸರನ್ನು ಬೈಗುಳವಾಗಿ ಉಳಿಸಿಕೊಳ್ಳಲಿಲ್ಲ. ಯಾಕೆ? ಅಳತೆ ಎಲ್ಲರಿಗೂ ಕಾಣುತ್ತಿತ್ತು. ಪಕ್ಕದವನಿಗೆ ಎಷ್ಟು ಅಂತ ಗೊತ್ತಿತ್ತು. ಅದೇ ನೆಲದಲ್ಲಿ, ಮೈಸೂರು ಅರಸರ ಕಾಲಕ್ಕೆ ಕಂದಾಯ ಎತ್ತುವುದು ಗುತ್ತಿಗೆಯವರ ಕೈಗೆ ಹೋಗಿ, ಯಾರಿಂದ ಎಷ್ಟು ಕಿತ್ತರು ಅನ್ನುವುದಕ್ಕೆ ಲಂಗು ಲಗಾಮು ಇಲ್ಲದಾದಾಗ, 1830ರಲ್ಲಿ ನಗರ (ಹಳೆಯ ಬಿದನೂರು) ದಂಗೆ ಎದ್ದಿತು. ಅದನ್ನು ನೆಪ ಮಾಡಿಕೊಂಡು ಮರುವರ್ಷವೇ ಬ್ರಿಟಿಷರು ರಾಜ್ಯದ ಆಡಳಿತವನ್ನೇ ತೆಗೆದುಕೊಂಡರು.

ಹಾಗಾಗಿ ಸಾಗರದ ಸ್ನೇಹಿತರೇ, ನಾನು ಕೇಳುತ್ತಿರುವುದು ನಿಮ್ಮ ಮೂರು ಎಕರೆಗೆ ತೆರಿಗೆ ಹಾಕಿ ಅಂತ ಅಲ್ಲ. ವೋಟು ಕೇಳಲು ಬರುವವನು ತನ್ನ ತೋಟದ ಆದಾಯವನ್ನು ರೂಪಾಯಿಯಲ್ಲಿ ಬರೆಯಲಿ. ಎಕರೆ ಎಷ್ಟು ಅಂತ ಅದೇ ಅಫಿಡವಿಟ್‌ನಲ್ಲಿ ಇರುತ್ತದೆ. ಎಕರೆಗೆ ಎಷ್ಟು ಕ್ವಿಂಟಲ್ ಬರುತ್ತದೆ ಅಂತ ನಮ್ಮೂರಿನಲ್ಲಿ ಕೊನೆ ಕೊಯ್ಯುವ ಹುಡುಗನಿಗೂ ಗೊತ್ತು. ಭಾಗಾಕಾರ ನಾವೇ ಮಾಡಿಕೊಳ್ಳುತ್ತೇವೆ.

ಪ್ರಶ್ನೆ: ನನಗೆ ಎಪ್ಪತ್ತೆರಡು ವರ್ಷ. ನಾನು ಯಾವ ತೆರಿಗೆಯನ್ನೂ ಕಟ್ಟುವವಳಲ್ಲ, ವೃದ್ಧಾಪ್ಯ ವೇತನ ತೆಗೆದುಕೊಳ್ಳುವವಳು. ತೆರಿಗೆ ಲೆಕ್ಕ ಕೇಳಲು ನಿಮಗೇನು ಹಕ್ಕು ಅಂತ ಮೊಮ್ಮಗ ನಗುತ್ತಾನೆ. (ಹೊಸನಗರ ತಾಲ್ಲೂಕು)

ಉತ್ತರ: ಅಮ್ಮಾ, ಮೊಮ್ಮಗನಿಗೆ ಹೇಳಿ, ಅವನ ಮೊಬೈಲಿಗೆ ನೀವು ಹಾಕಿಸಿದ ರೀಚಾರ್ಜಿನಲ್ಲಿ ಶೇಕಡಾ 18 ಜಿಎಸ್‌ಟಿ ಇದೆ. ನೀವು ಮೈಗೆ ಹಚ್ಚುವ ಸೋಪಿಗೂ ಅಷ್ಟೇ ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ. ಕೋಟಿ ಇರುವವನೂ ಆ ಸೋಪಿಗೆ ಅಷ್ಟೇ ತೆರಿಗೆ ಕೊಡುತ್ತಾನೆ, ನೀವೂ ಅಷ್ಟೇ. ಅವನಿಗೆ ಅದು ಲೆಕ್ಕಕ್ಕಿಲ್ಲ, ನಿಮ್ಮ ವೇತನದಲ್ಲಿ ಅದು ಕಾಣುತ್ತದೆ. ಡೀಸೆಲ್ ಮೇಲೆ ರಾಜ್ಯದ ಮಾರಾಟ ತೆರಿಗೆಯನ್ನೇ 2025ರ ಏಪ್ರಿಲ್‌ನಲ್ಲಿ ಶೇಕಡಾ 21.17ಕ್ಕೆ ಏರಿಸಿದರು, ಕೇಂದ್ರದ್ದು ಬೇರೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಅನ್ನುತ್ತಾರೆ, ಆದರೆ ನಿಮ್ಮ ಕಡೆ ಒಳಗಿನ ಊರುಗಳಿಗೆ ಓಡಾಡುವುದು ಜಾಸ್ತಿ ಪ್ರೈವೇಟ್ ಬಸ್ಸು. ಅದರ ಟಿಕೆಟಿನಲ್ಲಿ ಆ ಡೀಸೆಲ್ ಇದೆ. ಸಂತೆಗೆ ಬರುವ ತರಕಾರಿಯ ರೇಟಿನಲ್ಲೂ ಇದೆ.

ಇನ್ನೊಂದು ಕಡೆ ನೋಡಿ. ಸಾಹುಕಾರರ ಆಸ್ತಿ ಮೇಲೆ ಒಂದು ಸಂಪತ್ತು ತೆರಿಗೆ ಇತ್ತು, 1957ರದ್ದು, ಅದನ್ನು 2015ರ ಬಜೆಟ್ಟಿನಲ್ಲಿ ತೆಗೆದರು. ಸತ್ತವರ ಆಸ್ತಿ ಮಕ್ಕಳಿಗೆ ಹೋಗುವಾಗ ಒಂದು ತೆರಿಗೆ ಇತ್ತು, ಅದು 1985ರಲ್ಲೇ ಹೋಯಿತು. ಎತ್ತುವ ಖರ್ಚಿಗೆ ಹೋಲಿಸಿದರೆ ಬರುವ ದುಡ್ಡು ಕಮ್ಮಿ ಅನ್ನುವುದು ಕಾರಣ, ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಿಮ್ಮ ಸೋಪಿನಿಂದ ಎತ್ತುವುದು ಸುಲಭ, ಯಾಕೆಂದರೆ ನೀವು ಯಾವ ಲೆಕ್ಕಿಗನನ್ನೂ ಇಟ್ಟುಕೊಂಡಿಲ್ಲ.

ಅಭ್ಯರ್ಥಿಗಳ ಅಫಿಡವಿಟ್ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಮೊಮ್ಮಗನ ಕೈಯಲ್ಲೇ ತೆಗೆಸಿ, ರೀಚಾರ್ಜು ಹೇಗೂ ನಿಮ್ಮದು. ಹೋದ ಸಲದ್ದು, ಅದರ ಹಿಂದಿನ ಸಲದ್ದು ಎರಡನ್ನೂ ಪಕ್ಕದಲ್ಲಿಟ್ಟು ಓದಿಸಿ. "ಕೃಷಿ" ಅಂತ ಎರಡಕ್ಷರ ಕಂಡಲ್ಲಿ ಬೆರಳಿಟ್ಟುಕೊಂಡಿರಿ. ಮುಂದಿನ ಸಲ ಅವರು ನಿಮ್ಮ ಅಂಗಳಕ್ಕೆ ಕೈ ಮುಗಿದು ಬಂದಾಗ ಕಾಫಿ ಕೊಡಿ, ಕೂರಿಸಿ, ಆಮೇಲೆ ಕೇಳಿ: "ತಮ್ಮಾ, ಈ ಎರಡಕ್ಷರಕ್ಕೆ ಎಷ್ಟು ರೂಪಾಯಿ?" ಏನು ಹೇಳಿದರು ಅಂತ ನನಗೂ ಒಂದು ಕಾಗದ ಹಾಕಿ ಅಮ್ಮಾ.